ಯಜಮಾನಿಕೆ ಎಂಬ ಮೋಡಿ

ಅಂತೂರ ಬೆಂತೂರ ಎಂದು ನಮ್ಮ ಊರಿನ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ. ಗದಗ ತಾಲೂಕಿನ ಎರೆಯ ಸೀಮೆಯಲ್ಲಿ, ಜೋಳ, ಹತ್ತಿ, ಕಡಲೆಯ ಹೊಲಗಳ ನಡುವೆ ಇರುವ ಜೋಡಿ ಊರು ಅದು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. 1978ರಲ್ಲಿ ಧಾರವಾಡ ಆಕಾಶವಾಣಿಯಿಂದ ನನ್ನ ಮೊದಲ ಭಾಷಣ ಪ್ರಸಾರವಾದ ದಿನ ನಮ್ಮ ಮನೆಯ ಪಡಸಾಲೆಯಲ್ಲಿ ಓಣಿಯ ಮಂದಿಯೆಲ್ಲ ನೆರೆದಿದ್ದರಂತೆ. ವಿಷಯ ಗದುಗಿನ ಭಾರತ. ನಾನು ಹೇಳಿದ್ದು ಅವರಲ್ಲಿ ಎಷ್ಟು ಮಂದಿಗೆ ತಿಳಿಯಿತೋ ಕಾಣೆ. ಮುಂದಿನ ವಾರ ಊರಿಗೆ ಹೋದಾಗ ಅವ್ವ ಊಟಕ್ಕೆ ಬಡಿಸುತ್ತ, “ಭಾಳ ಚೊಲೊ ಮಾತಾಡ್ದಿ. ಎಲ್ಲೆರ ನಮ್ಮಂಗ ಮಾತಾಡಿಬಿಡ್ತಾನೊ ಏನೊ ಅಂತ ಅಂಜಿಕೊಂತ ಕುಂತಿದ್ದೆ” ಎಂದಳು.

ಆಗ ನಾನು ನಕ್ಕೆ. ಹೆಮ್ಮೆಯೂ ಆಯಿತೆಂದು ಒಪ್ಪಿಕೊಳ್ಳಬೇಕು. ಅವ್ವನ ಆ ಅಂಜಿಕೆಯ ಮಾತು ಮನಸ್ಸಿನಲ್ಲಿ ಮುಳ್ಳಾಗಿ ನಿಂತದ್ದು ಎಷ್ಟೋ ವರ್ಷಗಳ ಮೇಲೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ. ನಿನ್ನ ಮಾತು ಕೀಳು ಎಂದು ಆಕೆಯ ಎದುರಿಗೆ ಯಾರೂ ಹೇಳಿದವರಿಲ್ಲ. ಹಾಗೆ ಹೇಳಬಹುದಾದ ಮಂದಿ ನಮ್ಮ ಊರಿಗೆ ಬಂದವರೇ ಅಲ್ಲ. ಆದರೂ ತಾನು ಮಗನಿಗೆ ಕಲಿಸಿದ ಮಾತು ನಾಲ್ಕು ಜನ ಕೇಳುವಲ್ಲಿ ಮಗನ ಬಾಯಿಂದ ಹೊರಬಿದ್ದರೆ ಅವಮಾನವಾದೀತೆಂದು ಆಕೆ ತಾನಾಗಿಯೇ ತೀರ್ಮಾನಿಸಿದ್ದಳು. ಈ ತೀರ್ಮಾನವನ್ನು ಆಕೆಯೊಳಗೆ ಯಾರು ಇಟ್ಟರು? ನಾನು ಇಲ್ಲಿ ಹೇಳಹೊರಟಿರುವುದು ಇಷ್ಟೇ.

ವಿದ್ವಾಂಸರು ಇದಕ್ಕೆ ಹೆಜಿಮನಿ ಎನ್ನುತ್ತಾರೆ. ಕನ್ನಡದಲ್ಲಿ ಯಜಮಾನಿಕೆ, ಯಾಜಮಾನ್ಯ ಎಂಬ ಶಬ್ದಗಳು ರೂಢಿಗೆ ಬಂದಿವೆ. ಯಜಮಾನನೆಂದರೆ ಮೂಲದಲ್ಲಿ ಯಜ್ಞ ಮಾಡಿಸುವವನು. ಬೆವರು ಸುರಿಸುವವರು ಬೇರೆ, ಮಂತ್ರ ಹೇಳುವವರು ಬೇರೆ, ಪುಣ್ಯ ಮಾತ್ರ ಅವನಿಗೆ. ಶಬ್ದ ಒಪ್ಪುವಂತಿದೆ. ಆದರೂ ನಮ್ಮ ಕಡೆಯ ‘ಹಿರೇತನ’ ಎಂಬ ಮಾತು ನನಗೆ ಇನ್ನೂ ಹತ್ತಿರದ್ದೆನಿಸುತ್ತದೆ. ಊರಲ್ಲಿ ಬದುವಿನ ಜಗಳವೋ ಮದುವೆಯ ತಕರಾರೋ ಹುಟ್ಟಿದರೆ ಹಿರೇತನ ಮಾಡುವವರು ಇಬ್ಬರೋ ಮೂವರೋ ಇರುತ್ತಾರೆ. ಅವರ ಕೈಯಲ್ಲಿ ಬಡಿಗೆಯಿಲ್ಲ, ಹಿಂದೆ ಪೊಲೀಸರಿಲ್ಲ. ಅವರು ಹೇಳಿದ್ದು ದೈವದ ಮಾತಾಗುತ್ತದೆ. ದೈವವೆಂದರೆ ನಮ್ಮಲ್ಲಿ ನೆರೆದ ಸಭೆಯೂ ಹೌದು. ಸೋತವನೂ ಎದ್ದು ಕೈಮುಗಿದು ಹೋಗುತ್ತಾನೆ. ಹಿರೇತನ ಆ ಮೂವರ ಮನೆಗಳಲ್ಲಿಯೇ ಏಕೆ ಉಳಿದಿದೆ, ಕೇರಿಯ ಮುದುಕನೊಬ್ಬನು ಅವರಿಗಿಂತ ವಯಸ್ಸಿನಲ್ಲಿಯೂ ಬುದ್ಧಿಯಲ್ಲಿಯೂ ಹಿರಿಯನಾಗಿದ್ದರೂ ಕಟ್ಟೆಯ ಕೆಳಗೆ ಏಕೆ ನಿಂತಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಹುಟ್ಟದಿರುವುದೇ ಯಜಮಾನಿಕೆಯ ಪೂರ್ಣ ವಿಜಯ.

ಈ ಸಂಗತಿಯನ್ನು ಆಳವಾಗಿ ಚಿಂತಿಸಿದವನು ಇಟಲಿಯ ಅಂತೋನಿಯೊ ಗ್ರಾಮ್ಶಿ. 1891ರಲ್ಲಿ ಸಾರ್ಡಿನಿಯಾ ಎಂಬ ಬಡ ದ್ವೀಪದಲ್ಲಿ ಹುಟ್ಟಿದವನು. ತುರಿನ್ ನಗರದಲ್ಲಿ ಭಾಷಾಶಾಸ್ತ್ರ ಓದಿದವನು. ಕಮ್ಯುನಿಸ್ಟ್ ನಾಯಕನಾಗಿ 1926ರಲ್ಲಿ ಮುಸ್ಸೊಲಿನಿಯ ಸರಕಾರದಿಂದ ಬಂಧಿತನಾದವನು. ಸೆರೆಮನೆಯಲ್ಲಿ 1929ರಿಂದ 1935ರವರೆಗೆ ಅವನು ಬರೆದ ಟಿಪ್ಪಣಿಗಳು ಮೂವತ್ತಕ್ಕೂ ಹೆಚ್ಚು ನೋಟುಬುಕ್ಕುಗಳಾದವು. 1937ರಲ್ಲಿ ಅವನು ತೀರಿಕೊಂಡ. ಅವನನ್ನು ಕಾಡಿದ ಪ್ರಶ್ನೆ ಇದು: ಬಡವರು ಇಷ್ಟೊಂದು ಮಂದಿ ಇರುವಾಗ, ಅವರ ಹಿತಕ್ಕೆ ವಿರುದ್ಧವಾದ ವ್ಯವಸ್ಥೆ ದಿನನಿತ್ಯ ಹೇಗೆ ನಡೆದುಕೊಂಡು ಹೋಗುತ್ತದೆ? ಕೋವಿಯಿಂದ ಎನ್ನುವುದು ಅರ್ಧ ಉತ್ತರ. ಉಳಿದ ಅರ್ಧ ಒಪ್ಪಿಗೆ. ಆಳುವ ವರ್ಗ ತನ್ನ ರುಚಿಯನ್ನು, ತನ್ನ ನೀತಿಯನ್ನು, ತನ್ನ ಭಾಷೆಯನ್ನು ಎಲ್ಲರ ಸಾಮಾನ್ಯ ತಿಳಿವಳಿಕೆಯನ್ನಾಗಿ ಮಾಡಿಬಿಡುತ್ತದೆ. ಶಾಲೆ, ಗುಡಿ, ಪತ್ರಿಕೆ, ನಾಟಕಗಳು ಆ ಕೆಲಸವನ್ನು ಯಾರೂ ಹೇಳದೆಯೇ ಮಾಡುತ್ತವೆ. ಅಷ್ಟೇ ಅಲ್ಲ, ಆಳಿಸಿಕೊಳ್ಳುವವರಿಗೆ ಏನಾದರೂ ನಿಜವಾದ ಲಾಭ ಸಿಗದೆ ಆ ಒಪ್ಪಿಗೆ ಬಹುದಿನ ಬಾಳುವುದಿಲ್ಲ ಎಂಬುದನ್ನೂ ಅವನು ಕಂಡುಕೊಂಡಿದ್ದ. ನಮ್ಮ ಎಂ. ಎನ್. ಶ್ರೀನಿವಾಸರು 1952ರ ತಮ್ಮ ಕೊಡಗರ ಅಧ್ಯಯನದಲ್ಲಿ ಸಂಸ್ಕೃತೀಕರಣವೆಂದು ಕರೆದದ್ದು, ಅಂದರೆ ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸುತ್ತ ಏರಬಯಸುವುದು, ಇದೇ ಸಂಗತಿಯನ್ನು ಏಣಿ ಹತ್ತುವವನ ಕಡೆಯಿಂದ ನೋಡಿದ್ದು. ಗ್ರಾಮ್ಶಿ ಏಣಿಯ ಒಡೆಯ ಯಾರೆಂದು ಕೇಳಿದ.

ಕೋವಿ ಮತ್ತು ಒಪ್ಪಿಗೆಗಳ ಸಂಬಂಧ ನಮ್ಮ ನರಗುಂದದಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಕ್ಕಿಲ್ಲ. 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಇವರು ಇಂಗ್ಲಿಷರ ಮೇಲೆ ಎದ್ದರು, ಕೋವಿ ಹೊರಬಿತ್ತು, ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಅದೇ ನರಗುಂದದಲ್ಲಿ, ನೆರೆಯ ನವಲಗುಂದದಲ್ಲಿ, 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ಮತ್ತೆ ಗುಂಡು ಹಾರಿತು, ರೈತರು ಸತ್ತರು. ಈ ಎರಡು ವರ್ಷಗಳ ನಡುವೆ ನೂರಿಪ್ಪತ್ತೆರಡು ವರ್ಷಗಳ ಅಂತರವಿದೆ. ಆ ನಡುವಣ ಕಾಲದಲ್ಲಿ ಆ ನೆಲದ ರೈತ ಕಂದಾಯ ಕಟ್ಟಿದ್ದು, ಚಾವಡಿಯ ಮುಂದೆ ಚಪ್ಪಲಿ ಕಳಚಿದ್ದು, ಸರಕಾರವೆಂದರೆ ತಾಯಿತಂದೆ ಎಂದದ್ದು ಯಾವ ಕೋವಿಯ ಭಯದಿಂದ? ಕೋವಿ ಕಾಣಿಸಿಕೊಳ್ಳುವುದು ಒಪ್ಪಿಗೆ ಹರಿದ ದಿನ. ಇತಿಹಾಸಕಾರರು ಆ ಎರಡು ದಿನಗಳನ್ನು ಬರೆಯುತ್ತಾರೆ, ಅದು ಸರಿಯೇ; ನನ್ನ ಕುತೂಹಲ ಉಳಿದ ದಿನಗಳದು.

ಆ ಉಳಿದ ದಿನಗಳ ಒಂದು ಕುರುಹು ನಮ್ಮ ಮನೆಯ ಸಂದೂಕದಲ್ಲಿತ್ತು. ಕಂದುಬಣ್ಣಕ್ಕೆ ತಿರುಗಿದ ಕೆಲವು ಕಾಗದಗಳು. ಮೋಡಿ ಅಕ್ಷರದಲ್ಲಿ ಬರೆದವು. ಮೋಡಿಯೆಂದರೆ ಮರಾಠಿಯನ್ನು ಕೈ ಎತ್ತದೆ ಬೇಗಬೇಗ ಬರೆಯುವ ಲಿಪಿ. ಪೇಶವೆಗಳ ಕಾಲದಲ್ಲಿ ಈ ಸೀಮೆಯ ಲೆಕ್ಕಪತ್ರಗಳು ಅದರಲ್ಲಿ ನಡೆದವು. 1818ರಲ್ಲಿ ಮುನ್ರೋ ಗದಗನ್ನು ಗೆದ್ದು ಇಲ್ಲಿ ಕಂಪನಿಯ ಆಳಿಕೆ ಬಂದ ಮೇಲೂ ಬಹುಕಾಲ ಕಚೇರಿಯ ಬರವಣಿಗೆ ಬದಲಾಗಲಿಲ್ಲ. ಹೊಲ ಉಳುವವನ ಮಾತು ಕನ್ನಡ, ಹೊಲದ ಕಾಗದದ ಮಾತು ಮರಾಠಿ. ಊರಗೌಡ ಕಾಗದದ ಕೆಳಗೆ ನೇಗಿಲಿನ ಚಿತ್ರವನ್ನು ಗುರುತಾಗಿ ಹಾಕುತ್ತಿದ್ದ. ಮೇಲೆ ಏನು ಬರೆದಿದೆಯೆಂಬುದು ಲೇಖಣಿ ಹಿಡಿದ ಕುಲಕರ್ಣಿಗೆ ಗೊತ್ತು. ಕನ್ನಡದಲ್ಲಿ ಮೋಡಿ ಎಂಬುದಕ್ಕೆ ಮಾಟವೆಂಬ ಅರ್ಥವೂ ಉಂಟಷ್ಟೆ. ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಅದನ್ನು ಆ ಅರ್ಥದಲ್ಲಿಯೇ ತಿಳಿದಿದ್ದಳೆಂದು ಕಾಣುತ್ತದೆ. ದೀಪಾವಳಿಯ ದಿನ ಆ ಕಾಗದಗಳನ್ನು ಹೊರತೆಗೆದು ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದಳು. ನಮ್ಮ ಹೊಲದ ಹಕ್ಕು ಅದರಲ್ಲಿದೆಯೆಂಬುದು ಮನೆತನದ ನಂಬಿಕೆ. ನಾನು ನೌಕರಿಗೆ ಸೇರಿದ ಮೇಲೆ ಗದಗಿನಲ್ಲಿ ಮೋಡಿ ಬಲ್ಲ ವೃದ್ಧರೊಬ್ಬರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಓದಿ, ಸಂಕೋಚದಿಂದ, ಇದು ಹೊಲ ಅಡವಿಟ್ಟ ಕಾಗದ ಎಂದರು. ಸಾಲ ತೀರಿಸಿ ಕಾಗದ ಮರಳಿ ಪಡೆದಿರಬೇಕು, ಹೊಲವಂತೂ ಉಳಿದಿದೆ. ಆದರೆ ಎರಡು ತಲೆಮಾರು ನಾವು ನಮ್ಮ ಸಾಲಕ್ಕೆ ಕುಂಕುಮ ಹಚ್ಚಿದ್ದೆವು.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಮರಾಠಿಯನ್ನು ದೂರುತ್ತಿಲ್ಲ. ಶ್ರೀಸಾಮಾನ್ಯನಾದ ಮರಾಠಿ ರೈತನಿಗೂ ಮೋಡಿ ಓದಲು ಬರುತ್ತಿರಲಿಲ್ಲ. ಅವನ ಮನೆಯ ಸಂದೂಕವೂ ನಮ್ಮದರಂತೆಯೇ ಇದ್ದೀತು. ಯಜಮಾನಿಕೆ ಭಾಷೆಯದಲ್ಲ, ಭಾಷೆಯನ್ನು ಹಿಡಿದು ನಿಂತವರದು. ಆದರೆ ಹಿಡಿದು ನಿಂತವರ ಬಲದಿಂದ ಭಾಷೆಗೆ ಒಂದು ಕಳೆ ಬರುತ್ತದೆ, ಆ ಕಳೆಗೆ ಉಳಿದವರು ಮರುಳಾಗುತ್ತಾರೆ.

ಆ ಕಳೆ ಎಷ್ಟಿತ್ತೆಂದರೆ ಧಾರವಾಡ ಸೀಮೆ ಮರಾಠಿ ನಾಡೆಂದೇ ಮುಂಬಯಿ ಸರಕಾರದ ಅಧಿಕಾರಿಗಳು ಮೊದಮೊದಲು ತಿಳಿದರು. ಅವರು ಕಂಡದ್ದು ಕಚೇರಿಯನ್ನು. ಕಚೇರಿಯಲ್ಲಿ ಇದ್ದದ್ದು ಮರಾಠಿ. ಸರಕಾರಿ ಶಾಲೆಗಳು ಮರಾಠಿಯಲ್ಲಿ ತೆರೆದವು. ಕನ್ನಡ ಮನೆಮಾತಿನ ಮಕ್ಕಳು ಮರಾಠಿಯಲ್ಲಿ ಓದಿದರು, ಮರಾಠಿಯಲ್ಲಿ ಪತ್ರ ಬರೆದರು, ಮನೆಯ ಲೆಕ್ಕ ಮರಾಠಿಯಲ್ಲಿ ಇಟ್ಟರು. ಇದು ಬರಿಯ ಭ್ರಮೆಯೇನೂ ಆಗಿರಲಿಲ್ಲ, ಲಾಭವಿತ್ತು. ನೌಕರಿಯಿತ್ತು, ಪುಣೆಯ ಕಾಲೇಜಿತ್ತು, ಸಂಭಾವಿತರ ಸಾಲಿನಲ್ಲಿ ಒಂದು ಆಸನವಿತ್ತು. ಈಗಲೂ ನಮ್ಮ ಹಿರಿಯರ ಬಾಯಲ್ಲಿ ತರಗತಿ ಇಯತ್ತೆಯಾಗಿದೆ, ಪಹಣಿ ಉತಾರವಾಗಿದೆ, ಗ್ರಾಮಲೆಕ್ಕಿಗ ತಲಾಠಿಯಾಗಿದ್ದಾನೆ. ನೀರು ಇಳಿದ ಮೇಲೆ ದಂಡೆಯಲ್ಲಿ ಉಳಿಯುವ ಗೆರೆಗಳಿವು.

ಪಟವರ್ಧನರ ಸಂಸ್ಥಾನಗಳಲ್ಲಿ ನೀರು ಇನ್ನೂ ಹೆಚ್ಚು ಕಾಲ ನಿಂತಿತು. ಲಕ್ಷ್ಮೇಶ್ವರ ಮಿರಜದ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಯ ಸಂಸ್ಥಾನಕ್ಕೆ ಸೇರಿದ್ದವು, 1948ರಲ್ಲಿ ಸಂಸ್ಥಾನಗಳು ವಿಲೀನವಾಗುವ ತನಕ. ಸಾಂಗಲಿಯ ಹೆಸರು ಬಂದದ್ದರಿಂದ ಒಂದು ಕತೆ ಹೇಳಲೇಬೇಕು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು 1842ರ ಸುಮಾರಿಗೆ ಸಾಂಗಲಿಗೆ ಹೋಗಿ ಆಡಿ ತೋರಿಸಿತು. ಅದನ್ನು ನೋಡಿದ ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಅಂಥದ್ದನ್ನು ಮರಾಠಿಯಲ್ಲಿ ಮಾಡೆಂದು ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ ‘ಸೀತಾಸ್ವಯಂವರ’ ರಂಗವೇರಿತು. ಮರಾಠಿ ರಂಗಭೂಮಿ ತನ್ನ ವಯಸ್ಸನ್ನು ಆ ದಿನದಿಂದ ಲೆಕ್ಕ ಹಾಕುತ್ತದೆ. ಮುಂದೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ ಆಡಿಸಿ ಸಂಗೀತ ನಾಟಕಕ್ಕೆ ಹೊಸ ಬಾಳು ಕೊಟ್ಟರು. ಮೇಳ ಕನ್ನಡದ್ದು, ಕಿರ್ಲೋಸ್ಕರರು ಹುಟ್ಟಿದ ನೆಲವೂ ಕನ್ನಡದ್ದೇ. ಆದರೆ ಮರಾಠಿ ನಾಟಕ ಮಂಡಳಿಗಳು ನಮ್ಮ ಊರುಗಳಿಗೆ ಬಂದು ಡೇರೆ ಹಾಕಿದಾಗ ನಮ್ಮ ಸಂಭಾವಿತರಿಗೆ ತಮ್ಮ ಬಯಲಾಟ ಒಕ್ಕಲಿಗರ ಗದ್ದಲವೆಂದು ತೋರಿತು. ನಾಟಕವೆಂದರೆ ಮರಾಠಿಯದೇ ಎಂದಾಯಿತು. ತನ್ನ ಮನೆಯ ಬೀಜ ಬೇರೆಯವರ ಹೊಲದಲ್ಲಿ ಬೆಳೆದು ಪೇಟೆಗೆ ಬಂದಾಗ ಅದನ್ನು ಹೆಚ್ಚಿನ ಬೆಲೆಗೆ ಕೊಳ್ಳುವ ರೈತನನ್ನು ನಾವು ಇಂದಿಗೂ ಕಾಣುತ್ತೇವಲ್ಲವೆ?

ಇದನ್ನು ಸಹಿಸದ ಶಾಲಾ ಶಿಕ್ಷಕರೊಬ್ಬರು ಗದಗಿನಲ್ಲಿದ್ದರು. ಸಕ್ಕರಿ ಬಾಳಾಚಾರ್ಯರು, ಶಾಂತಕವಿ ಎಂಬುದು ಅವರ ಕಾವ್ಯನಾಮ. 1856ರಲ್ಲಿ ಹುಟ್ಟಿದ ಅವರು ಇನ್ನೂ ತರುಣರಾಗಿದ್ದಾಗಲೇ, 1870ರ ದಶಕದಲ್ಲಿ, ವೀರನಾರಾಯಣನ ಹೆಸರು ಹೊತ್ತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಕನ್ನಡದಲ್ಲಿ ಆಡಿಸಿದರು. ಕೃತಪುರವೆಂದರೆ ಗದಗ. ಮರಾಠಿ ನಾಟಕವನ್ನು ಅವರು ಬೈಯುತ್ತ ಕೂಡಲಿಲ್ಲ. ಅದಕ್ಕೆ ಎದುರಾಗಿ ಕನ್ನಡದ ಪರದೆ ಎತ್ತಿದರು. ಇದರಲ್ಲಿ ಒಂದು ವಿನೋದವೂ ಇದೆ. ಆ ಮುಂದಿನ ಕಾಲದ ನಮ್ಮ ಕಂಪನಿ ನಾಟಕಗಳ ಪುಸ್ತಕ ತೆರೆದರೆ ಹಾಡಿನ ತಲೆಯ ಮೇಲೆ ಇಂಥ ಮರಾಠಿ ಹಾಡಿನ ಮಟ್ಟು ಎಂದು ಅಚ್ಚಾಗಿರುತ್ತದೆ. ಮರಾಠಿಯನ್ನು ಎದುರಿಸಲು ಮರಾಠಿಯ ಮಟ್ಟು! ಶುದ್ಧವಾದಿಗಳು ಇದನ್ನು ಸೋಲೆನ್ನಬಹುದು. ನಾನು ಹಾಗೆನ್ನಲಾರೆ. ಕೈಗೆ ಸಿಕ್ಕ ಸಾಮಗ್ರಿಯಿಂದಲ್ಲದೆ ಯಾರೂ ಮನೆ ಕಟ್ಟಿದ್ದಿಲ್ಲ.

ಶಾಲೆಯ ಕೆಲಸ ಅದಕ್ಕೂ ಮೊದಲು ಆರಂಭವಾಗಿತ್ತು. ಶಿಕ್ಷಣ ಇಲಾಖೆಯ ರಸೆಲ್ ಸಾಹೇಬರ ಬೆಂಬಲದಿಂದ ಡೆಪ್ಯುಟಿ ಚನ್ನಬಸಪ್ಪನವರು ಹಳ್ಳಿಹಳ್ಳಿ ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದ ಕತೆ ಎಲ್ಲರೂ ಬಲ್ಲದ್ದು. ಕನ್ನಡದಲ್ಲಿ ಓದಲು ಏನಿದೆ ಎಂದು ಕೇಳುವವರಿಗೆ ಉತ್ತರವಾಗಿ ಅವರು ಷೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. 1881ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸೀಮೆಯ ಮೋರೆ ತಿರುಗಿತ್ತು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಅದರಾಚೆಯ ಏಕೀಕರಣದ ಇತಿಹಾಸವನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ಇಷ್ಟರಲ್ಲಿ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಯಜಮಾನ ಹೋದ, ನಾವು ಗೆದ್ದೆವು ಎನ್ನಬಹುದಾಗಿತ್ತು. ಆದರೆ 1978ರಲ್ಲಿ ಅವ್ವ ಅಂಜಿ ಕುಳಿತದ್ದು ಮರಾಠಿಗಲ್ಲ, ಕನ್ನಡಕ್ಕೆ.

ಈ ಅಂಜಿಕೆ ಯಾವ ಜಿಲ್ಲೆಯಲ್ಲಿ ಹುಟ್ಟಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಸುಮಾರು 850ರ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸಿದಾಗ ಅದರ ನಾಲ್ಕು ಗಡಿಗಂಬಗಳಲ್ಲಿ ಒಂದಾಗಿ ನಿಲ್ಲಿಸಿದ್ದು ಪುಲಿಗೆರೆಯನ್ನು. 941ರಲ್ಲಿ ಪಂಪ ತನ್ನ ಭಾರತವನ್ನು ಬರೆದಾಗ ತನ್ನ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ನಮ್ಮೂರವರು ಸಂತೆ ಮಾಡಿ ಬರುವ ಊರು. ಅಂದರೆ ಒಂದು ಕಾಲದಲ್ಲಿ ಕನ್ನಡದ ಹಿರೇತನ ನಮ್ಮ ಕಡೆಯೇ ಇತ್ತು. ಬನವಾಸಿಯವರೋ ಗಂಗವಾಡಿಯವರೋ ನಮ್ಮ ಮಾತಿನ ಎದುರಿಗೆ ನಾಲಗೆ ತಿದ್ದಿಕೊಂಡಿರಬೇಕು. ಕವಿರಾಜಮಾರ್ಗಕಾರನೇ ದೇಸಿಗಳು ಬೇರೆ ಬೇರೆಯಾಗಿರುವುದರಿಂದ ವಾಸುಕಿಗೂ ಅವುಗಳ ದೋಷ ಎಣಿಸಿ ಬೇಸರವಾದೀತೆಂಬ ಅರ್ಥದ ಮಾತು ಆಡಿದ್ದಾನೆ. ಹನ್ನೊಂದು ಶತಮಾನಗಳ ಹಿಂದೆಯೇ ಯಾರ ಕನ್ನಡವೋ ತಿರುಳು, ಯಾರ ಕನ್ನಡವೋ ದೋಷ. ತಿರುಳಿನ ಊರು ಮಾತ್ರ ಬದಲಾಗುತ್ತ ಬಂದಿದೆ.

1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಹಲವು ಸೀಮೆಗಳ ಕನ್ನಡವನ್ನು ಒಂದು ರೂಪಕ್ಕೆ ತರುವುದು ಅದರ ಆಶಯಗಳಲ್ಲಿ ಸೇರಿತ್ತು. ಅದನ್ನು ತಪ್ಪೆಂದು ಹೇಳುವುದು ಇಂದು ಸುಲಭ. ಮುಂಬಯಿ, ಹೈದರಾಬಾದು, ಮದರಾಸು, ಮೈಸೂರು, ಕೊಡಗು ಎಂದು ಚೂರುಚೂರಾಗಿದ್ದ ನಾಡಿಗೆ ಒಂದು ಕೂಡುಮಾತು ಬೇಕಿತ್ತು. ನಮ್ಮ ಆಲೂರ ವೆಂಕಟರಾಯರಂಥವರೂ ಒಂದು ಕರ್ನಾಟಕದ ಕನಸನ್ನು ಕಂಡವರೇ. 1956ರ ನವೆಂಬರ್ 1ರಂದು ಕನಸು ನನಸಾಯಿತು. ವಿಧಾನಸೌಧ ಬೆಂಗಳೂರಿನಲ್ಲಿ, ಪಠ್ಯಪುಸ್ತಕ ಬೆಂಗಳೂರಿನಿಂದ, ಸಿನಿಮಾ ಮೈಸೂರು ಬೆಂಗಳೂರುಗಳ ಮಾತಿನಲ್ಲಿ. ಯಾರೂ ಆಜ್ಞೆ ಹೊರಡಿಸಲಿಲ್ಲ. ಆದರೆ ಸಿನಿಮಾದ ನಾಯಕ ಒಂದು ಕನ್ನಡ ಆಡಿದ, ನಗೆಯಾಳು ಹುಬ್ಬಳ್ಳಿ ಕನ್ನಡ ಆಡಿದ. ಗದಗಿನ ಟಾಕೀಜಿನಲ್ಲಿ ಕುಳಿತು ನಾವೇ ಎಲ್ಲರಿಗಿಂತ ಜೋರಾಗಿ ನಕ್ಕೆವು. ನಾನು ತೆಂಕಣ ಊರೊಂದರ ಕಾಲೇಜಿನಲ್ಲಿ ಓದುತ್ತಿದ್ದಾಗ ಅಧ್ಯಾಪಕರೊಬ್ಬರು ನನ್ನಿಂದ ‘ಹೋಗಾಕ ಹತ್ತೀನಿ’ ಎಂದು ಹೇಳಿಸಿ ತರಗತಿಯನ್ನು ನಗಿಸುತ್ತಿದ್ದರು. ಅವರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ, ನನ್ನನ್ನು ಇಷ್ಟಪಡುತ್ತಿದ್ದರು. ವರ್ಷ ತುಂಬುವುದರೊಳಗೆ ನಾನು ‘ಹೋಗುತ್ತಿದ್ದೇನೆ’ ಎನ್ನತೊಡಗಿದೆ. ಅದನ್ನು ನಾನು ವಿದ್ಯೆಯೆಂದು ತಿಳಿದೆ.

ಗ್ರಾಮ್ಶಿ 1927ರಲ್ಲಿ ಸೆರೆಮನೆಯಿಂದ ತಂಗಿ ತೆರೆಸಿನಾಗೆ ಬರೆದ ಕಾಗದವೊಂದಿದೆ. ಅವಳ ಎಳೆಯ ಮಗನು ಸಾರ್ಡಿನಿಯಾದ ಮಾತನ್ನು ಆಡಲು ಬಿಡು, ತಡೆಯಬೇಡ ಎಂದು ಅದರಲ್ಲಿ ಕೇಳಿಕೊಂಡಿದ್ದಾನೆ. ಮನೆಯ ಇನ್ನೊಂದು ಮಗುವನ್ನು ಚಿಕ್ಕಂದಿನಲ್ಲಿ ಆ ಮಾತಿನಿಂದ ದೂರವಿಟ್ಟದ್ದು ತಪ್ಪಾಯಿತೆಂದು ಹಳಹಳಿಸಿದ್ದಾನೆ. ಇಟಾಲಿಯನ್ ಕಲಿಯದೆ ಬಡವನು ಮೇಲೇರಲಾರನೆಂದು ವಾದಿಸಿದವನೂ ಅವನೇ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ನಾನು ಆ ಕಾಗದವನ್ನು ಓದಿದಾಗ ನನ್ನ ಮಕ್ಕಳು ದೊಡ್ಡವರಾಗಿದ್ದರು. ಅವರಿಗೆ ಅಜ್ಜಿಯ ಮಾತು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಹಾಗಾದರೆ ಈ ಮೋಡಿ ಬಿಡಿಸುವ ಬಗೆ ಇಲ್ಲವೆ ಎಂದು ಕೇಳಬಹುದು. ಇದೆ, ನಮ್ಮಲ್ಲಿಯೇ ಆಗಿದೆ. ಒಂದು ಉದಾಹರಣೆ ಹಣದ್ದು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ತೆರೆದರು. ಅಲ್ಲಿಯವರೆಗೆ ಸಾಲವೆಂದರೆ ಸಾವುಕಾರ, ಸಾವುಕಾರನೆಂದರೆ ಅನ್ನದಾತ. ಅವನ ಬಡ್ಡಿ ಮಳೆಬಿಸಿಲಿನಷ್ಟೇ ಸಹಜವೆಂದು ಒಪ್ಪಿದ್ದ ರೈತರು, ನಮ್ಮ ದುಡ್ಡನ್ನು ನಾವೇ ಕೂಡಿಸಿ ನಾವೇ ಕೊಟ್ಟುಕೊಳ್ಳಬಹುದು ಎಂದು ಕಂಡರು. ಸಾವುಕಾರ ಮರುದಿನವೇ ಮಾಯವಾಗಲಿಲ್ಲ. ಅವನು ಸಹಜ ಎಂಬುದು ಮಾತ್ರ ಹೋಯಿತು. ಇನ್ನೊಂದು ಉದಾಹರಣೆ ಬೇಂದ್ರೆಯವರದು. ಮನೆಯಲ್ಲಿ ಮರಾಠಿ ಆಡುತ್ತಿದ್ದ ಆ ಕವಿ ಧಾರವಾಡದ ಓಣಿಯ ಮಾತನ್ನು ಎತ್ತಿಕೊಂಡು ಕಾವ್ಯದಲ್ಲಿ ಕೂಡಿಸಿದ ಮೇಲೆ ಆ ಮಾತನ್ನು ನೋಡಿ ನಗುವವರಿಗೆ ತಾವೇ ಏನನ್ನೋ ಕಳೆದುಕೊಂಡಂತೆ ಅನಿಸಿತು. ಮೈಸೂರಿನವರೂ ಆ ಮಾತನ್ನು ಅನುಕರಿಸಿ ಹಾಡತೊಡಗಿದರು. ಆದರೆ ಕವಿತೆಗೆ ಸಿಕ್ಕ ಮಾನ ಗದ್ಯಕ್ಕೆ ಸಿಕ್ಕಿತೆ? ನಮ್ಮ ಸಭೆಗಳಲ್ಲಿ ಬೇಂದ್ರೆಯವರ ಹಾಡು ಮುಗಿದ ಕೂಡಲೇ ನಿರೂಪಕ, ‘ತಾವೆಲ್ಲರೂ ದಯಮಾಡಿ ಆಸೀನರಾಗಬೇಕು’ ಎನ್ನುತ್ತಾನೆ. ನಾನೂ ಈಗ ಈ ಭಾಷಣವನ್ನು ಯಾವ ಕನ್ನಡದಲ್ಲಿ ಓದುತ್ತಿದ್ದೇನೆಂಬುದು ನಿಮಗೆ ಕೇಳುತ್ತಿದೆ.

ಕಡೆಗೆ ಒಂದು ಸಂಗತಿ ಉಳಿದಿದೆ, ಅದನ್ನು ಹೇಳದೆ ಈ ಮಾತು ಮುಗಿಯದು. ನಾನು ಮೂವತ್ತು ವರ್ಷ ಕನ್ನಡ ಕಲಿಸಿದವನು. ಕೆಲವು ವರ್ಷ ಶಿರಹಟ್ಟಿಯ ಕಡೆ ಕೆಲಸದಲ್ಲಿದ್ದೆ. ಆ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಹಲವಿವೆ. ತಾಂಡಾದ ಹುಡುಗರು ಮನೆಯಲ್ಲಿ ಲಂಬಾಣಿ ಆಡಿ, ಊರ ಹುಡುಗರಿಂದ ನಮ್ಮ ಕಡೆಯ ಕನ್ನಡ ಕಲಿತು, ನನ್ನಿಂದ ಪುಸ್ತಕದ ಕನ್ನಡ ಕಲಿಯಬೇಕು. ಮ್ಯಾಟ್ರಿಕ್ ಮುಟ್ಟುವುದರೊಳಗೆ ಇಂಗ್ಲಿಷು ಕಾದಿರುತ್ತದೆ. ನಾಲ್ಕು ಹೊಸ್ತಿಲು. ಒಮ್ಮೆ ‘ನನ್ನ ತಾಯಿ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಸಿದೆ. ಒಬ್ಬ ಹುಡುಗ ಒಂದು ಪುಟ ಬರೆದಿದ್ದ. ಅವನ ತಾಯಿ ನಸುಕಿನಲ್ಲಿ ಕಟ್ಟಿಗೆಗೆ ಹೋಗುವುದು, ಸುಗ್ಗಿಗೆ ಗುಳೇ ಹೋದಾಗ ಅವನನ್ನು ಅಜ್ಜಿಯ ಹತ್ತಿರ ಬಿಟ್ಟುಹೋದದ್ದು, ಬರುವಾಗ ಬೆಲ್ಲ ತಂದದ್ದು, ಎಲ್ಲ ಇತ್ತು. ಪುಟದ ತುಂಬ ಅವನು ತಾಯಿಯನ್ನು ‘ಯಾಡಿ’ ಎಂದು ಬರೆದಿದ್ದ. ಲಂಬಾಣಿಯಲ್ಲಿ ತಾಯಿಗೆ ಹಾಗೆನ್ನುತ್ತಾರೆ. ನಾನು ಕೆಂಪು ಶಾಯಿಯಿಂದ ಒಂದೊಂದು ‘ಯಾಡಿ’ಯನ್ನೂ ಹೊಡೆದುಹಾಕಿ ಮೇಲೆ ‘ತಾಯಿ’ ಎಂದು ಬರೆದೆ. ಹನ್ನೊಂದು ಕಡೆ. ಅವನು ಜಾಣನೆಂದು ಗೊತ್ತಿದ್ದುದರಿಂದಲೇ ಅಷ್ಟು ಶ್ರಮಪಟ್ಟೆ.

ಪರೀಕ್ಷೆಯಲ್ಲಿ ಅದೇ ವಿಷಯ ಬಂತು. ಹುಡುಗ ತಾಯಿಯೇ ಮೊದಲ ಗುರು, ತಾಯಿಗಿಂತ ಮಿಗಿಲಾದ ದೇವರಿಲ್ಲ, ತಾಯಿಯ ಋಣ ತೀರಿಸಲಾಗದು ಎಂದು ಒಂದೂ ತಪ್ಪಿಲ್ಲದೆ ಬರೆದಿದ್ದ. ಕಟ್ಟಿಗೆ, ಗುಳೇ, ಬೆಲ್ಲ ಯಾವುದೂ ಇರಲಿಲ್ಲ. ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟು, ತರಗತಿಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದೆ.